ಕಲ್ಲಿನ ಮೇಲೆ ಒಂದು ಪದ

26 ಅಕ್ಟೋಬರ್ 2025, ಭಾನುವಾರ
ಚಿಕ್ಕಮಗಳೂರು

ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಷ್ಟರಲ್ಲಿ ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದರು. ಮುಂದಿನ ಭಾನುವಾರವೇ ನವೆಂಬರ್ 2, ಸತ್ತವರ ದಿನ. ಅಷ್ಟರೊಳಗೆ ದೊಡ್ಡಪ್ಪನ ಸಮಾಧಿಗೆ ಚಪ್ಪಡಿ ಕೂರಿಸಬೇಕು. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಅದರ ಕೆಳಗೆ ‘ನೀತಿವಂತ’ ಅಂತ ಒಂದೇ ಒಂದು ಪದ. ಅದು ಬೇಡವೇ ಬೇಡ ಅಂತ ಅವರ ಚಿಕ್ಕ ಮಗನ ಹಟ. ಅವನೀಗ ಪ್ರಾರ್ಥನಾ ಕೂಟಕ್ಕೆ ಹೋಗುತ್ತಾನಲ್ಲ, ಬೈಬಲಿನಲ್ಲಿ ಪ್ರೇಷಿತ ಪೌಲ ರೋಮಾಪುರದವರಿಗೆ ಬರೆದ ಪತ್ರದ 3:10 ತೆಗೆದು ತಾಯಿಯ ಮುಂದೆ ಹಿಡಿದಿದ್ದಾನೆ: “ನೀತಿವಂತನು ಇಲ್ಲ, ಒಬ್ಬನಾದರೂ ಇಲ್ಲ.”

“ಒಬ್ಬನೂ ಇಲ್ಲ ಅಂದ್ರೆ ನಿಮ್ಮ ದೊಡ್ಡಪ್ಪ ಏನಾಗಿದ್ರು ಹಾಗಾದ್ರೆ?” ಅಂದರು. “ತೋಟದಲ್ಲಿ ಅಷ್ಟು ವರ್ಷ ರೈಟರಾಗಿದ್ರು ಕಣೋ. ಒಬ್ಬರ ಹಾಜರಿ ತಪ್ಪು ಬರೆದವರಲ್ಲ. ಸಂಜೆ ಹಣ್ಣು ತೂಗೋವಾಗ ಚೀಲದ ತೂಕಕ್ಕಿಂತ ಒಂದು ಗ್ರಾಂ ಹೆಚ್ಚು ಕಳೆದವರಲ್ಲ.”

ಚಿಕ್ಕವನು ತೋರಿಸಿದ ವಚನ ಇರುವುದು ನಿಜ. ಆದರೆ ಅದು ಪೌಲ ಹಳೆಯ ಒಡಂಬಡಿಕೆಯಿಂದ ಎತ್ತಿ ಪೋಣಿಸಿದ ಮಾಲೆಯ ಮೊದಲ ಮಣಿ. 10ರಿಂದ 18ರವರೆಗೆ ಕೀರ್ತನೆ 14, 5, 140, 10, ಯೆಶಾಯ 59, ಕೀರ್ತನೆ 36, ಹೀಗೆ ಆರು ಕಡೆಯ ತುಣುಕುಗಳಿವೆ. ಇಂಥದ್ದು ಎದುರಾದಾಗ ಮೊದಲು ಮೂಲಕ್ಕೆ ಹೋಗಿ ಪೂರ್ತಿ ಓದಬೇಕು. ಕೀರ್ತನೆ 14 ಇರುವುದೇ ಏಳು ವಚನ. ಮೂರನೆಯದರಲ್ಲಿ ಒಳ್ಳೆಯದನ್ನು ಮಾಡುವವನು ಒಬ್ಬನೂ ಇಲ್ಲ. ನಾಲ್ಕರಲ್ಲಿ, ಊಟ ಮಾಡಿದಷ್ಟು ಸಲೀಸಾಗಿ ದೇವರ ಜನರನ್ನು ತಿಂದುಹಾಕುವವರು ಬರುತ್ತಾರೆ. ಐದಕ್ಕೆ ಬಂದರೆ, ದೇವರು ನೀತಿವಂತರ ಸಂತತಿಯ ಜೊತೆಗಿದ್ದಾನೆ! ಒಬ್ಬನೂ ಇಲ್ಲ ಅಂದ ಎರಡು ವಚನಕ್ಕೇ ಒಂದು ಸಂತತಿಯೇ ಎದ್ದು ಬಂತು. ಪೌಲನಿಗೆ ಈ ಐದನೆಯ ವಚನ ಗೊತ್ತಿರಲಿಲ್ಲ ಅನ್ನಲಾಗದು.

ಅವನು ಅಲ್ಲಿ ಕಟ್ಟುತ್ತಿರುವುದು ಒಂದು ಮೊಕದ್ದಮೆ. 1:18ರಿಂದ ಶುರುವಾಗಿ 3:20ರವರೆಗೆ ಎಳೆಯುತ್ತಾನೆ. ಮೊದಲು ಅನ್ಯಜನರು, ಆಮೇಲೆ ಅವರ ಮೇಲೆ ತೀರ್ಪು ಕೊಡುವವರು, ಕೊನೆಗೆ ಧರ್ಮಶಾಸ್ತ್ರ ಕೈಯಲ್ಲಿರುವ ಯೆಹೂದ್ಯರು. 3:19ರಲ್ಲಿ ಎಲ್ಲರ ಬಾಯಿ ಕಟ್ಟಿತು. ತನ್ನ ಪರ ಸಾಕ್ಷಿ ತಾನೇ ಆಗಿ ದೇವರ ಮುಂದೆ ಗೆದ್ದು ಬರುವವನು ಒಬ್ಬನೂ ಇಲ್ಲ ಅನ್ನುವುದು ಆ ವಾದ. ಅದನ್ನು ಕಿತ್ತು ತಂದು ಸಮಾಧಿಯ ಕಲ್ಲಿನ ಮೇಲೆ ಹೇರಿದರೆ ಬೈಬಲಿನ ಅರ್ಧ ಜನರ ಹೆಸರಿನ ಮುಂದಿರುವ ಪದವನ್ನೂ ಅಳಿಸಬೇಕಾಗುತ್ತದೆ. ಆದಿಕಾಂಡ 6:9ರ ನೋಹ. ಮತ್ತಾಯ 1:19ರ ಜೋಸೆಫ. ಲೂಕ 2:25ರ ಸಿಮೆಯೋನ. ಲೂಕ 1:6ರಲ್ಲಿ ಜಕರೀಯ ಮತ್ತು ಎಲಿಸಬೇತ್, ಗಂಡ ಹೆಂಡತಿ ಇಬ್ಬರೂ ನೀತಿವಂತರು, ಅದೂ ದೇವರ ದೃಷ್ಟಿಯಲ್ಲಿ. ಅದೇ ಜಕರೀಯ ಹದಿನಾಲ್ಕು ವಚನ ದಾಟುವಷ್ಟರಲ್ಲಿ ದೇವದೂತನ ಮಾತು ನಂಬದೆ ಮೂಕನಾಗುತ್ತಾನೆ.

ಹಾಗಾದರೆ ಆ ಪದದ ಅಳತೆ ಏನು? ಹೀಬ್ರೂವಿನಲ್ಲಿ ನೀತಿಗೆ ‘ತ್ಸೆದೆಕ್’. ಯಾಜಕಕಾಂಡ 19:36ರಲ್ಲಿ ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲು ಅನ್ನುವಲ್ಲಿಯೂ ಇದೇ ಪದ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ಸುಮ್ಮನೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಆದಿಕಾಂಡ 38ರಲ್ಲಿ ಯೆಹೂದನು ಸೊಸೆ ತಾಮಾರಳ ಬಗ್ಗೆ, ಅವಳು ನನಗಿಂತ ನೀತಿವಂತೆ ಅನ್ನುತ್ತಾನೆ. ಮುಸುಕು ಹಾಕಿ ಮಾವನನ್ನು ವಂಚಿಸಿ ಅವನಿಂದಲೇ ಬಸುರಾದ ಅವಳ ಕತೆ ಓದಿದವರಿಗೆ ಗೊತ್ತು, ಅಲ್ಲಿ ಪಾಪವೇ ಇಲ್ಲದ ಬಾಳು ಅಂತ ಅರ್ಥವಿಲ್ಲ. ಸಂಬಂಧಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿದವಳು ಅವಳು, ತಪ್ಪಿದವನು ಇವನು. ಸರಳ ಕನ್ನಡದ ಬೈಬಲಿನಲ್ಲಿ ಪೌಲನ ಪತ್ರಕ್ಕೆ ‘ಸತ್ಸಂಬಂಧ’ ಅನ್ನುವ ಪದ ತಂದವರು ಇದನ್ನು ಹಿಡಿದಿದ್ದಾರೆ. ಹಳೆಯ ಅನುವಾದದ ‘ನೀತಿವಂತನೆಂದು ನಿರ್ಣಯಿಸು’ ನ್ಯಾಯಾಲಯದ ಮಗ್ಗುಲನ್ನು ಹಿಡಿದಿದೆ, ಧರ್ಮೋಪದೇಶಕಾಂಡ 25:1ರ ಹಾಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು.

ರೋಮಾ 4ರಲ್ಲಿ ಪೌಲ ಲೆಕ್ಕದ ಪುಸ್ತಕವನ್ನೇ ಬಿಚ್ಚುತ್ತಾನೆ. ಅಬ್ರಹಾಮನ ನಂಬಿಕೆ ಅವನ ಲೆಕ್ಕಕ್ಕೆ ನೀತಿಯೆಂದು ಜಮೆಯಾಯಿತು. ಗ್ರೀಕಿನ ಆ ‘ಲೊಗಿಝೊಮಾಯ್’, ಲೆಕ್ಕಕ್ಕೆ ಹಿಡಿ ಅನ್ನುವ ಕ್ರಿಯಾಪದ, ಆ ಒಂದೇ ಅಧ್ಯಾಯದಲ್ಲಿ 11 ಸಲ ಇದೆ. ಕೆಲಸ ಮಾಡಿದವನಿಗೆ ಕೂಲಿ ಕೊಡುವುದು ಸಾಲ ತೀರಿಸಿದ ಹಾಗೆ, ಕೃಪೆಯಲ್ಲ, ಅನ್ನುತ್ತಾನೆ 4:4ರಲ್ಲಿ. ತೋಟದ ಚೆಕ್‌ರೋಲ್, ಅಂದರೆ ಹಾಜರಿ-ಕೂಲಿಯ ಪುಸ್ತಕ, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಜರಿ ಬಿದ್ದಷ್ಟು ಕೂಲಿ. ಆದರೆ ಅಬ್ರಹಾಮನ ಸಾಲಿನಲ್ಲಿ ಹಾಜರಿಯಿಲ್ಲದೆ ಜಮೆ ಬಿದ್ದಿದೆ.

ಆ ಜಮೆ ಬರೀ ಪುಸ್ತಕದಲ್ಲಿದೆಯೋ ಮನುಷ್ಯನ ಒಳಗೂ ಇಳಿಯುತ್ತದೋ ಅನ್ನುವುದರ ಮೇಲೆ ಕ್ರೈಸ್ತ ಸಭೆ ಒಡೆದದ್ದು. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ 1515–16ರಲ್ಲಿ ವಿಟನ್‌ಬರ್ಗಿನಲ್ಲಿ ಇದೇ ಪತ್ರದ ಪಾಠ ಮಾಡುತ್ತಾ ಒಬ್ಬ ರೋಗಿಯನ್ನು ತೋರಿಸುತ್ತಾನೆ. ಗುಣವಾಗುತ್ತೀ ಅಂತ ವೈದ್ಯ ಮಾತು ಕೊಟ್ಟಿದ್ದಾನೆ, ರೋಗಿ ನಂಬಿ ಪಥ್ಯದಲ್ಲಿದ್ದಾನೆ. ಮೈಯಲ್ಲಿ ರೋಗವಿದೆ, ಮಾತಿನಲ್ಲಿ ಆರೋಗ್ಯವಿದೆ. ಹಾಗೆ ಒಬ್ಬನೇ ಮನುಷ್ಯ ಏಕಕಾಲಕ್ಕೆ ನೀತಿವಂತನೂ ಪಾಪಿಯೂ. ಕಥೋಲಿಕ ಬಿಷಪರು ಕೂಡಿದ ಟ್ರೆಂಟ್ ಸಭೆ 1547 ಜನವರಿ 13ರಂದು, 16 ಅಧ್ಯಾಯ 33 ನಿಯಮಗಳಲ್ಲಿ, ಲೆಕ್ಕಕ್ಕೆ ಹಿಡಿದರಷ್ಟೇ ಸಾಲದು ಎಂದಿತು. ಕೃಪೆ ಒಳಗೆ ಸುರಿದು ಮನುಷ್ಯ ನಿಜವಾಗಿ ನೀತಿವಂತನಾಗುತ್ತಾನೆ. ಇಷ್ಟು ಗಟ್ಟಿಯಾಗಿ ಹೇಳಿದ ಟ್ರೆಂಟ್ ಕೂಡ 23ನೇ ನಿಯಮದಲ್ಲಿ, ವಿಶೇಷ ವರವಿಲ್ಲದೆ ಜೀವಮಾನವಿಡೀ ಸಣ್ಣ ಪಾಪವನ್ನೂ ಮಾಡದಿರಲು ಯಾರಿಂದಲೂ ಆಗದು ಅನ್ನುತ್ತದೆ. ಆ ವರ ಮಾತೆ ಮರಿಯಳಿಗಿತ್ತು ಅನ್ನುತ್ತದೆ. 11ನೇ ಅಧ್ಯಾಯ ನನಗೆ ತುಂಬಾ ಇಷ್ಟ: ದಿನದಿನದ ಸಣ್ಣ ಪಾಪಗಳಿಂದ ನೀತಿವಂತ ನೀತಿವಂತನಾಗಿರುವುದು ತಪ್ಪುವುದಿಲ್ಲ, ಯೇಸು ಕಲಿಸಿದ ಪರಲೋಕ ಮಂತ್ರದಲ್ಲಿ ‘ನಮ್ಮ ಪಾಪಗಳನ್ನು ಕ್ಷಮಿಸು’ ಅನ್ನುವ ಅವನ ದನಿ ವಿನಯದ್ದೂ ಹೌದು, ನಿಜವೂ ಹೌದು. 418ರಲ್ಲಿ ಕಾರ್ಥೇಜಿನ ಬಿಷಪರೂ ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲ ಅನ್ನುತ್ತಿದ್ದ ಪೆಲಾಜಿಯಸ್ ಕಡೆಯವರಿಗೆ ಇದನ್ನೇ ಹೇಳಿದ್ದರು. ಸಂತರು ಆ ಮಾತನ್ನು ಬರೀ ವಿನಯಕ್ಕೆ ಹೇಳುವುದಲ್ಲ, ತಮ್ಮದೇ ಪಾಪಕ್ಕೆ ಹೇಳುತ್ತಾರೆ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಕೂಡಿ ಈ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ ಸೇರಿದರು. ಹಾಸನದ ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಯ ಬೇರು ಮೆಥಡಿಸ್ಟರದ್ದೇ, ಅಲ್ಲಿನವರ ಜೊತೆ ಈ ಮಾತು ಎತ್ತಿದರೆ ಮೆಥಡಿಸ್ಟರ ಮೂಲಪುರುಷ ವೆಸ್ಲಿ ಬೋಧಿಸಿದ ಪರಿಪೂರ್ಣತೆಗೆ ಹೋಗಿಯೇ ಹೋಗುತ್ತದೆ. ಅದು ಇನ್ನೊಂದು ದಿನಕ್ಕೆ.

ಚಿಕ್ಕವನ ಅಂಜಿಕೆಯನ್ನು ತಳ್ಳಿಹಾಕಲು ಮನಸ್ಸಿಲ್ಲ. ಇವತ್ತಿನ ಶುಭಸಂದೇಶವೇ ಲೂಕ 18, ಫರಿಸಾಯನೂ ಸುಂಕದವನೂ. ತಾವೇ ನೀತಿವಂತರೆಂದು ತಮ್ಮನ್ನೇ ನಂಬಿಕೊಂಡವರಿಗೆ ಯೇಸು ಹೇಳಿದ ಸಾಮತಿ, ದೃಷ್ಟಾಂತದ ಕತೆ. ಎದೆ ಬಡಿದುಕೊಂಡ ಸುಂಕದವನು ನೀತಿವಂತನೆಂಬ ನಿರ್ಣಯ ಪಡೆದು ಮನೆಗೆ ಹೋದ ಅನ್ನುವಲ್ಲಿ ಗ್ರೀಕಿನಲ್ಲಿರುವುದು ಪೌಲ ಬಳಸುವ ಕ್ರಿಯಾಪದವೇ. ದೊಡ್ಡಪ್ಪ ಬದುಕಿದ್ದಾಗ ಆ ಪದವನ್ನು ತನಗೆ ಹಚ್ಚಿಕೊಂಡವರಲ್ಲ. ಈಗ ಹಚ್ಚುತ್ತಿರುವವರು ಹೆಂಡತಿ.

“ಕೆತ್ತಿಸಲಾ ಬೇಡವಾ, ಅಷ್ಟು ಹೇಳು” ಅಂದರು ಎದ್ದು ನಿಂತು. ಕೆತ್ತಿಸಿ ದೊಡ್ಡಮ್ಮ ಅಂದೆ. ಚಿಕ್ಕವನಿಗೆ ನಾನು ಹೇಳುತ್ತೇನೆ, ಕೀರ್ತನೆ 14ರಿಂದ ಶುರು ಮಾಡುತ್ತೇನೆ ಅಂದೆ.

ಅವರು ಹೋದ ಮೇಲೆ 2 ಪೇತ್ರ 2 ತೆಗೆದೆ. 7 ಮತ್ತು 8ನೇ ವಚನಗಳಲ್ಲಿ ಸೊದೋಮ್ ಊರಿನಲ್ಲಿದ್ದ ಲೋಟನನ್ನು ಮೂರು ಸಲ ನೀತಿವಂತ ಅನ್ನುತ್ತದೆ. ಲೋಟನನ್ನು! ಹೆಣ್ಣುಮಕ್ಕಳನ್ನು ಗುಂಪಿನ ಕೈಗೆ ಕೊಡುತ್ತೇನೆ ಅಂದವನು, ಊರು ಬಿಡು ಅಂದರೂ ತಡಮಾಡಿ ದೂತರೇ ಕೈ ಹಿಡಿದು ಎಳೆಯಬೇಕಾಗಿ ಬಂದವನು. ನೋಹ ಸರಿ, ಎಲಿಸಬೇತ್ ಸರಿ. ಸುತ್ತಲಿನ ಅನ್ಯಾಯ ಕಂಡು ಲೋಟನ ಆತ್ಮ ದಿನಾ ನೋಯುತ್ತಿತ್ತು ಅನ್ನುತ್ತಾನೆ ಪೇತ್ರ. ಆ ನೋವೊಂದನ್ನೇ ಲೆಕ್ಕಕ್ಕೆ ಹಿಡಿದರೋ, ಇಲ್ಲಾ ಆದಿಕಾಂಡ 18ರಲ್ಲಿ ಸೊದೋಮ್ ಉಳಿಯಲು ಎಷ್ಟು ನೀತಿವಂತರು ಬೇಕೆಂದು ಐವತ್ತರಿಂದ ಹತ್ತರವರೆಗೆ ಅಬ್ರಹಾಮ ದೇವರೊಡನೆ ಚೌಕಾಸಿ ಮಾಡಿ ನಿಂತ ಆ ಹತ್ತರಲ್ಲಿ ಇವನನ್ನೂ ಎಣಿಸಿದ್ದರೋ?