ನೀಲಿ ನೂಲು ಮೆತ್ತಿದ ಕಾರ್ಡು

ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ವಾಯುಮಾಲಿನ್ಯದ ಪಾಠ ಬಂದಾಗೆಲ್ಲ ದೆಹಲಿಯ ಹೊಗೆಮಂಜಿನ ಫೋಟೊ ತೋರಿಸಿ ಮುಗಿಸುತ್ತಿದ್ದೆ. ನಮ್ಮ ಕಿಟಕಿಯ ದಂಡೆ ಮೇಲೆ ಬೆರಳಾಡಿಸಿದರೆ ಸಾಕಿತ್ತು, ಅದು ಮಾತ್ರ ಹೊಳೆದಿರಲಿಲ್ಲ.

ಒಂದು ವರ್ಷ ಎಂಟನೇ ಕ್ಲಾಸಿನವರಿಗೆ ಬಿಳಿ ಕಾರ್ಡು ಹಂಚಿದೆ. ತೆಳ್ಳಗೆ ವ್ಯಾಸಲೀನ್ ಸವರಿ ಮನೆಯಲ್ಲಿ ಎರಡು ದಿನ ತೂಗುಹಾಕಿ ತನ್ನಿ ಅಂದೆ. ಕಾರ್ಡಿನ ಹಿಂಬದಿಗೆ ಹೆಸರು ಬರೆಸಿದ್ದೆ. ಎಡವಿದ್ದೇ ಅಲ್ಲಿ.

ರಸ್ತೆ ಬದಿ ಮನೆಯವರ ಕಾರ್ಡು ಕೆಂಪಗಾಗಿದ್ದವು. ನೀರೊಲೆಗೆ ಕಟ್ಟಿಗೆ ಹಾಕುವ ಮನೆಯವು ಕಪ್ಪಗೆ. ಒಂದು ಮಾತ್ರ ನೀಲಿ. ಲೆನ್ಸ್ ಹಿಡಿದರೆ ಗುಂಗುರು ಗುಂಗುರಾಗಿ ನೂಲಿನ ಚೂರು. ಖುಷಿಯಲ್ಲಿ ಎತ್ತಿ ಹಿಡಿದು, "ಇದು ಯಾರದ್ರೋ? ಮನೆಯೊಳಗೇ ಇಷ್ಟು ದೂಳಾ?" ಅಂದುಬಿಟ್ಟೆ. ಹಿಂದಿನ ಬೆಂಚಿನಿಂದ "ಜೀನ್ಸ್ ಮನೇದು ಮೇಡಂ" ಅಂತ ಕೂಗು, ಕ್ಲಾಸಿಗೆ ಕ್ಲಾಸೇ ನಗು. ಹುಡುಗಿ ತಲೆ ತಗ್ಗಿಸಿದವಳು ಮರುದಿನ ಬರಲಿಲ್ಲ.

ಮೂರನೇ ದಿನ ಅವಳ ತಾಯಿ ಬಂದರು. ಮನೆಯಲ್ಲೇ ಜೀನ್ಸ್ ಹೊಲಿಯುವವರು, ಬೆರಳ ತುದಿಯೆಲ್ಲ ನೀಲಿ. "ಮಷಿನ್ ಮುಂದೆ ಕೂತ್ರೆ ಮಗಳು ಬೈತಾಳ್ರಿ ಮೇಡಂ, ನಿನ್ನಿಂದ್ಲೇ ದೂಳು ಅಂತ. ಮನೆ ಬಾಡಿಗೆ ಅದ್ರಾಗೇ ಕಟ್ಟೋದು ನಾವು." ಜಗಳಕ್ಕೆ ಬಂದಿದ್ದರೆ ಸುಲಭವಿತ್ತು. ಸುಮ್ಮನೆ ಹೇಳಿ ಹೋದರು.

ಹದಿಮೂರು ಹದಿನಾಲ್ಕರಲ್ಲಿ ಮಕ್ಕಳಿಗೆ ಹೇಗೂ ತಮ್ಮ ಮನೆ ಬಗ್ಗೆ ನಾಚಿಕೆ ಇರುತ್ತದೆ. ಅದಕ್ಕೆ ನಾನು ವಿಜ್ಞಾನದ ಹೆಸರಲ್ಲಿ ಇನ್ನಷ್ಟು ಸೇರಿಸಿದ್ದೆ.

ಮುಂದಿನ ಸಲ ಹೆಸರಿಲ್ಲ, ಬರೀ ನಂಬರು. ಮೊದಲು ಶಾಲೆಯಲ್ಲೇ ಹತ್ತು ಕಡೆ ತೂಗುಹಾಕಿದೆವು. ಗೇಟಿನ ಹತ್ತಿರದ್ದೇ ಹೆಚ್ಚು ಕೊಳೆಯಾಗಿರುತ್ತದೆ ಅಂತ ನಾನೇ ಪಂತ ಕಟ್ಟಿದ್ದೆ. ಸೋತೆ. ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ಕ್ಲಾಸಿನ ಹಿಂದಿನ ಗೋಡೆಯದು! ಕಾರಣ ಹಿಡಿದವನು, ದಿನಾ ಲೇಟಾಗಿ ಬರುವ ಹುಡುಗ: "ಪ್ರೇಯರ್‌ಗೆ ಮುಂಚೆ ಕಿಟಕಿ ಹಾಕ್ಕೊಂಡು ಒಣ ಪೊರಕೆಯಲ್ಲಿ ಗುಡಿಸ್ತಾರಲ್ಲ ಮೇಡಂ, ಎದ್ದಿದ್ದ ದೂಳು ಪ್ರೇಯರ್ ಮುಗಿದ್ರೂ ಕೂತಿರಲ್ಲ." ಮುಂದಿನ ವಾರ ಕಿಟಕಿ ತೆರೆದು, ನೀರು ಚಿಮುಕಿಸಿ ಗುಡಿಸಿ, ಬೆಂಚು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಕಾರ್ಡು ಹಾಕಿದೆವು. ವ್ಯತ್ಯಾಸಕ್ಕೆ ಲೆನ್ಸೇ ಬೇಕಾಗಲಿಲ್ಲ.

ಕಾರ್ಡು ಹಿಡಿಯುವುದು ದೊಡ್ಡ ದೂಳನ್ನಷ್ಟೇ ಎಂಬುದನ್ನೂ ಹೇಳಬೇಕಿತ್ತು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು; ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣ ಅಂದರೆ ಎರಡೂವರೆ ಮೈಕ್ರಾನ್ ಇಲ್ಲವೇ ಅದಕ್ಕೂ ಸಣ್ಣದು. ಕಣ್ಣಿಗೆ ಬೀಳುವುದಿಲ್ಲ, ಅಳೆಯಲು ಯಂತ್ರವೇ ಬೇಕು. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣಗಳ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ನಮ್ಮ ದೇಶದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಬೋರ್ಡಿನ ಮೇಲೆ ಎರಡನ್ನೂ ಬರೆದು ತಿರುಗುವಷ್ಟರಲ್ಲಿ ಪ್ರಶ್ನೆ: "ನಮ್ ಶ್ವಾಸಕೋಶ ಬೇರೆನಾ ಮೇಡಂ?" ಆ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು. ಪೋರ್ಷನ್ ಹಿಂದೆ ಬಿತ್ತು, ಬೀಳಲಿ.

ನೀಲಿ ಕಾರ್ಡಿನ ಹುಡುಗಿ ಒಬ್ಬಳೇ ಇದ್ದಾಗ ನಾನು ಅವಳಿಗೆ ತಪ್ಪಾಯಿತು ಅಂದಿದ್ದೆ. ಅವಳು ಏನೂ ಹೇಳಿರಲಿಲ್ಲ. ತಿಂಗಳಾದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಇನ್ನೊಂದು ಕಾರ್ಡು ಕೇಳಿದಳು.

"ಅಮ್ಮ ಮಷಿನ್ನ ಕಿಟಕಿ ಹತ್ರ ಇಟ್ಕೊಂಡಿದಾರೆ ಮೇಡಂ. ಅಲ್ಲಿ ಹಾಕಿ ನೋಡ್ಬೇಕಂತೆ."