ಕಲ್ಲಿನ ಹಳಿ ಹಿಡಿದು ಹೌಂಡ್ ಟಾರ್‌ಗೆ

ಇಂಗ್ಲೆಂಡಿನ ಡೆವನ್‌ನಲ್ಲಿರುವ ಡಾರ್ಟ್‌ಮೂರ್‌ನಲ್ಲಿ ಮರ ಕಡಿಮೆ, ಗಾಳಿ ಜಾಸ್ತಿ. ಗುಡ್ಡಗಳ ನೆತ್ತಿಯಲ್ಲಿ ಗ್ರಾನೈಟ್ ಬಂಡೆಗಳು ಎದ್ದು ನಿಂತಿವೆ. ಅಲ್ಲಿಯವರು ಇವಕ್ಕೆ ಟಾರ್ ಅಂತಾರೆ. ಆಗಸ್ಟ್ ಕೊನೆಯಲ್ಲಿ ನಾವು ಹೇಟರ್ ಅನ್ನೋ ಟಾರ್‌ನಿಂದ ಹೌಂಡ್ ಟಾರ್‌ವರೆಗೆ ನಡೆದೆವು. ನೆಲದ ತುಂಬ ನೇರಳೆ ಬಣ್ಣದ ಹೆದರ್ ಹೂವು, ನಡುನಡುವೆ ಹಳದಿ ಹೂವಿನ ಮುಳ್ಳುಪೊದೆ ಗೋರ್ಸ್.

457 ಮೀಟರ್ ಎತ್ತರದ ಹೇಟರ್ ಮೇಲೆ ಜನವೋ ಜನ. ಹತ್ತಲು ಹಿಂದೆಯೇ ಮೆಟ್ಟಿಲು ಕಡಿದಿದ್ದಾರೆ. ಅಲ್ಲಿ ಕಲ್ಲಿಗೆ ಮುಖ ಹತ್ತಿರ ತಂದು ನೋಡಬೇಕು. ಬೂದು ಕಲ್ಲಿನೊಳಗೆ ಹೆಬ್ಬೆರಳಿನಷ್ಟುದ್ದದ ಬಿಳಿ ಫೆಲ್ಡ್‌ಸ್ಪಾರ್ ಹರಳುಗಳು, ಪಕ್ಕದಲ್ಲಿ ಮಿನುಗುವ ಕಪ್ಪು ಅಭ್ರಕ. ಕರಗಿದ ಕಲ್ಲು ನೆಲದಾಳದಲ್ಲಿ ನಿಧಾನವಾಗಿ ತಣಿದಿದ್ದಕ್ಕೇ ಹರಳು ಇಷ್ಟು ದೊಡ್ಡದು. ಈ ಕಲ್ಲಿಗೆ ಸುಮಾರು 28 ಕೋಟಿ ವರ್ಷ. ನಮ್ಮ ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ! ಮೇಲಿನ ಪದರಗಳು ಸವೆದು ಹೋದ ಮೇಲೆ ಹೇಟರ್ ಕಲ್ಲು ಹೊರಬಂತು. ಹಿಮಯುಗದ ಚಳಿಗೆ ಬಿರುಕುಗಳಲ್ಲಿ ನೀರು ಹೆಪ್ಪುಗಟ್ಟಿ ಬಂಡೆಗಳನ್ನು ಸೀಳಿತು. ಆಗ ಉರುಳಿದ ಕಲ್ಲುಗಳು ಇಳಿಜಾರಿನಲ್ಲಿ ಈಗಲೂ ಬಿದ್ದಿವೆ.

ನನ್ನ ಕೇಳಿದರೆ, ತುದಿಗಿಂತ, ಹಿಂದೆ ಕಲ್ಲು ಸಾಗಿಸುತ್ತಿದ್ದ ಕೆಳಗಿನ ಟ್ರಾಮ್ ದಾರಿಯೇ ಚೆಂದ. 1820ರಲ್ಲಿ ಹಾಕಿದ ಇದರ ಹಳಿಗಳು ಕಬ್ಬಿಣದವಲ್ಲ, ಗ್ರಾನೈಟಿನವು! ಚಕ್ರ ಜಾರದಂತೆ ಒಂದು ಅಂಚನ್ನು ಎತ್ತರಕ್ಕೆ ಬಿಟ್ಟು ಕೆತ್ತಿದ್ದಾರೆ. ದಾರಿ ಕವಲೊಡೆಯುವ ಕಡೆ ಕಲ್ಲಿನಲ್ಲೇ ಎರಡು ಗಾಡಿಜಾಡು. ನಾನು ಕೂತು ಅದರೊಳಗೆ ಬೆರಳಾಡಿಸಿದೆ, ಅಷ್ಟು ನುಣುಪು. ಇಲ್ಲಿನ ಕಲ್ಲು ಕುದುರೆ ಬಂಡಿಗಳಲ್ಲಿ ಸ್ಟೋವರ್ ಕಾಲುವೆಗೆ ಇಳಿದು, ದೋಣಿ, ಹಡಗು ಹತ್ತಿ ಲಂಡನ್ ಸೇರುತ್ತಿತ್ತು. 1831ರಲ್ಲಿ ತೆರೆದ ಲಂಡನ್ ಸೇತುವೆಗೂ ಹೇಟರ್ ಕಲ್ಲು ಹೋಗಿದೆ.

ಮುಂದೆ ಬೆಕಾ ಹಳ್ಳಕ್ಕೆ ಇಳಿದು, ಏದುಸಿರು ಬಿಡುತ್ತಾ ಆಚೆ ದಡ ಹತ್ತಿದರೆ, ಹೌಂಡ್ ಟಾರ್‌ಗಿಂತ ಸ್ವಲ್ಪ ಮೊದಲೇ ಒಂದು ಪಾಳುಬಿದ್ದ ಹಳ್ಳಿ. ಮಧ್ಯಯುಗದ್ದು. ಮೊಣಕಾಲೆತ್ತರದ ಗೋಡೆಗಳಷ್ಟೇ ಉಳಿದಿವೆ. ಉದ್ದನೆಯ ಮನೆಗಳು, ಒಂದು ಕಡೆ ಜನ, ಇನ್ನೊಂದು ಕಡೆ ದನ. ಗಂಜಲ ಹರಿದು ಹೋಗಲಿ ಅಂತ ದನ ಕಟ್ಟುವ ಕಡೆಯನ್ನು ಇಳಿಜಾರಿಗೇ ಇಟ್ಟಿದ್ದಾರೆ. ಮಲೆನಾಡಿನ ಕೊಟ್ಟಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕೆಲವು ಕಟ್ಟಡಗಳಲ್ಲಿ ಧಾನ್ಯ ಒಣಗಿಸುವ ಒಲೆಗಳಿವೆ. ಬಿಸಿಲು ನಂಬಿದರೆ ಬೆಳೆ ಒಣಗದಂಥ ಊರು ಅದು.

ಹೋಗುವವರು ಹೇಟರ್ ಹತ್ತಿ ಫೋಟೋ ತೆಗೆದು ಸುಮ್ನೆ ವಾಪಸಾಗಬೇಡಿ. ಇಷ್ಟು ದೂರ ನಡೆಯಿರಿ. ಮಂಜು ಹೇಳದೆ ಕೇಳದೆ ಬರುತ್ತದೆ, ನಕ್ಷೆ ಮತ್ತು ಮಳೆ ಜಾಕೆಟ್ ಜೊತೆಗಿರಲಿ.