ಕಾಲಿಡುವ ಮುಂಚೆ ಬೆಳಕು

"ಹತ್ತತ್ತೆ ಮಾರಾಯ, ಆದ್ರೆ ನಾ ಕಾಲಿಟ್ಟ ಮೇಲೆ ಹತ್ತತ್ತೆ. ಇಡೋಕೆ ಮುಂಚೆ ಹತ್ತಬೇಕಲ್ವಾ?"

ತೀರ್ಥಹಳ್ಳಿ ಕಡೆಯ ಒಂದು ಮನೆಯ ಅಜ್ಜಿ ಈ ವಾರ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಹಿತ್ತಿಲ ಬಾಗಿಲಿಂದ ಬಚ್ಚಲಿಗೆ ನಾಲ್ಕು ಮೆಟ್ಟಿಲು, ಮಳೆಗೆ ಪಾಚಿ ಕಟ್ಟಿದ ಕಲ್ಲು. ಮಗ ಬೆಂಗಳೂರಿಂದ, ಯಾರಾದರೂ ಬಂದರೆ ತಾನೇ ಹತ್ತುವ ಒಳ್ಳೇ ಸೆನ್ಸರ್ ಲೈಟೇ ಕಳಿಸಿದ್ದಾನೆ. ಹಾಕಿದವರು ಮಾತ್ರ ವೈರು ಸಿಕ್ಕ ಕಡೆ, ಬಚ್ಚಲ ಬಾಗಿಲ ಮೇಲೆ ಹೊಡೆದು ಹೋಗಿದ್ದಾರೆ. ಅಜ್ಜಿ ಹೇಗೆ ಇಳಿಯುತ್ತಾರೆಂದು ಒಂದು ಸಲ ನಿಂತು ನೋಡಬೇಕಿತ್ತು.

ಆ ಲೈಟಿನಲ್ಲಿರುವ ಪಿಐಆರ್ ಸೆನ್ಸರ್ ಮೈ ಶಾಖ ನೋಡುತ್ತೆ. ಅದರ ಬಿಳಿ ಲೆನ್ಸು ಎದುರಿನ ಜಾಗವನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿ ಮಾಡಿರುತ್ತೆ. ಶಾಖ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದರೆ ದೀಪ ಹತ್ತುತ್ತೆ. ಅಡ್ಡ ಹಾಯ್ದರೆ ತಕ್ಷಣ ಗೊತ್ತಾಗುತ್ತೆ, ನೇರ ಎದುರಿಗೆ ನಡೆದು ಬಂದರೆ ತಡ. ಅಜ್ಜಿ ನೇರ ಎದುರಿಗೇ ಇಳಿಯುತ್ತಿದ್ದರು. ಪಕ್ಕದ ಗೋಡೆಗೆ ಏಳು ಅಡಿ ಎತ್ತರಕ್ಕೆ ಸರಿಸಿ, ಮೇಲಿನ ಮೆಟ್ಟಿಲಿಗೆ ಮುಖ ಮಾಡಿಸಿದ ಮೇಲೆ ಬಾಗಿಲು ದಾಟುವಾಗಲೇ ಹತ್ತಿತು. ಎಷ್ಟು ಹೊತ್ತು ಉರಿಯಬೇಕೆಂದು ಹೇಳುವ ಟೈಮ್ ತಿರುಪು 10 ಸೆಕೆಂಡಿಗಿತ್ತು. ವಯಸ್ಸಾದವರು ಗೋಡೆ ಹಿಡಿದು ಇಳಿಯುವ ಕಡೆ 2 ನಿಮಿಷವಾದರೂ ಬೇಕು. ಎಷ್ಟು ಕತ್ತಲಾದರೆ ಹತ್ತಬೇಕೆಂದು ಹೇಳುವ ಲಕ್ಸ್ ತಿರುಪನ್ನು ಸ್ವಲ್ಪ ಸೂರ್ಯನ ಚಿತ್ರದ ಕಡೆ ಹಾಕಿ, ಪೂರ್ತಿ ಕತ್ತಲಾಗುವ ಮುಂಚೆಯೂ ಹತ್ತುತ್ತೆ. ಆಷಾಢದಲ್ಲಿ ನಮ್ಮ ಹಿತ್ತಿಲಿಗೆ ಕತ್ತಲಾಗಲು ಸಂಜೆಯೇ ಆಗಬೇಕಿಲ್ಲ.

ಬಚ್ಚಲೊಳಗೆ ಹಾಕುವುದಾದರೆ ಹಂಡೆ ಒಲೆಗೆ ಮುಖ ಮಾಡಿಸಬೇಡಿ, ಉರಿಗೇ ಹತ್ತುತ್ತಿರುತ್ತೆ. ಶಾಖದ ಬದಲು ರೇಡಿಯೋ ಅಲೆಯಿಂದ ಚಲನೆ ಹಿಡಿಯುವ ಮೈಕ್ರೋವೇವ್ ಸೆನ್ಸರ್ ಒಳಗಿನ ಮೆಟ್ಟಿಲಿಗೆ ಸರಿ, ಹೊರಗೆ ಬೇಡ. ಬಾಳೆ ಎಲೆ ಆಡಿದರೂ, ಹಂಚಿಂದ ನೀರು ಸುರಿದರೂ ಅದಕ್ಕೆ ಚಲನೆಯೇ. ಹೊರಗಿನದಕ್ಕೆ ಐಪಿ65 (ಧೂಳು, ನೀರು ಒಳಗೆ ಹೋಗದ್ದು) ಎಂದು ಬರೆದದ್ದೇ ತನ್ನಿ, ವೈರು ಕೆಳಗಿಂದ ಬರಲಿ. ಲೆನ್ಸಿನ ಮೇಲೆ ಜೇಡ ಬಲೆ ಕಟ್ಟುತ್ತೆ, ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಹಳೇ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಎಷ್ಟೋ ಸಲ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಇರುವುದಿಲ್ಲ, ಮೂರು ವೈರಿನ ಸೆನ್ಸರಿಗೆ ಅದು ಬೇಕೇ ಬೇಕು.

"ಹಾವು ಬಂದ್ರೂ ಹತ್ತತ್ತಾ?" ಅಂತ ಅಜ್ಜಿ ಕೇಳಿದರು. ಇಲ್ಲ. ಹಾವಿನ ಮೈ ಹೆಚ್ಚುಕಡಿಮೆ ನೆಲದಷ್ಟೇ ತಣ್ಣಗೆ, ಸೆನ್ಸರಿಗೆ ಅದು ಕಾಣುವುದಿಲ್ಲ ಎಂದೇ ಇಟ್ಟುಕೊಳ್ಳಿ. ಅದನ್ನು ನಾವೇ ನೋಡಬೇಕು. ಅವರ ಮಾತು ಅಷ್ಟು ಸರಿ ಅನ್ನಿಸಿದ್ದು ಆಗ: ಕಾಲಿಟ್ಟ ಮೇಲೆ ಹತ್ತುವ ದೀಪ ಅಲ್ಲಿ ಇದ್ದರೂ ಇಲ್ಲದ ಹಾಗೇ.

"ಕೊಟ್ಟಿಗೆಗೂ ಒಂದು ಹಾಕ್ಸಲಾ?" ಅಂದರು. ಬೇಡ ಅಜ್ಜಿ. ದನ ತಲೆ ಆಡಿಸಿದಾಗೆಲ್ಲ ಹತ್ತಿದರೆ ಅವಕ್ಕೆ ನಿದ್ದೆಯಿಲ್ಲ. ಅಲ್ಲಿಗೆ ಬಾಗಿಲ ಪಕ್ಕ ಕೈಗೆ ಸಿಗುವ ಸ್ವಿಚ್ಚೇ ಸಾಕು.